ಭರಣಿಯ ಒಳಗಿನ ಬಂಗಾರ

ನಮ್ಮ ಮನೆಯಲ್ಲಿ ನಾನು ಮುಟ್ಟಿದ ವಸ್ತುವಿಗೆ ಎರಡೇ ಗತಿ. ಒಂದೋ ಅದು ಒಡೆಯುತ್ತದೆ, ಇಲ್ಲವೇ ನಾನು ಅದನ್ನು ರಿಪೇರಿ ಮಾಡುತ್ತೇನೆ. ಎರಡರಲ್ಲಿ ಒಡೆಯುವುದೇ ವಾಸಿ ಎಂದು ಮನೆಯವರ ಅಭಿಪ್ರಾಯ. ನಾನು ರಿಪೇರಿ ಮಾಡಿದ ಮಿಕ್ಸರಿನ ಮುಚ್ಚಳ ಕಿಟಕಿಯಿಂದ ಹಾರಿ ಪಕ್ಕದ ಮನೆಯ ಎಮ್ಮೆಗೆ ಬಡಿದು, ಎಮ್ಮೆ ಮೂರು ದಿನ ಹಾಲು ಕೊಡಲಿಲ್ಲ. ನಾನು ಬಿಚ್ಚಿ ಜೋಡಿಸಿದ ಗೋಡೆ ಗಡಿಯಾರ ಹಿಂದಕ್ಕೆ ಓಡತೊಡಗಿ, ಅಪ್ಪ ಒಂದು ದಿನ ಬೆಳಗಿನ ಬಸ್ಸಿಗೆಂದು ಹೊರಟು ಮಧ್ಯಾಹ್ನದ ಬಸ್ಸು ಹತ್ತಿದರು. ಇವನ್ನೆಲ್ಲ ನಾನೇ ಮದುವೆಮನೆಗಳಲ್ಲಿ ಉಪ್ಪುಖಾರ ಹಚ್ಚಿ ಹೇಳಿ ನಗಿಸುತ್ತೇನೆ. ಭರಣಿಯ ಸಂಗತಿ ಮಾತ್ರ ಹೇಳುವುದಿಲ್ಲ. ಹೇಳಲು ಹೊರಟರೆ ನಡುವೆ ಎಲ್ಲೋ ತಿರುಗಿ ಎಮ್ಮೆಯ ಕತೆಗೇ ಬರುತ್ತೇನೆ. ಆ ಒಂದು ರಿಪೇರಿ ನನ್ನ ಅಕ್ಕನ ಹೊಟ್ಟೆಯವರೆಗೆ ಹೋಯಿತು. ಆಗ ಆ ಹೊಟ್ಟೆಯಲ್ಲಿ ಏಳು ತಿಂಗಳ ಮಗುವಿತ್ತು.

ನಾನು ಆಗ ಓಂ ಬೀಚಿನ ಒಂದು ಗೆಸ್ಟ್ ಹೌಸಿನಲ್ಲಿದ್ದೆ. ಹುದ್ದೆ ಮ್ಯಾನೇಜರ್, ಕೆಲಸ ಚಾ ಕೊಡುವುದು. ಆ ಚಳಿಗಾಲ ಪುಣೆಯ ಕಡೆಯ ಒಬ್ಬ ಹೆಂಗಸು ಬಂದು, ನಮ್ಮ ಚಪ್ಪರದ ಕೆಳಗೆ ಎರಡು ದಿನ ಒಡೆದ ಪಿಂಗಾಣಿ ಕೂಡಿಸುವ ಪಾಠ ಮಾಡಿದಳು. ಜಪಾನಿನಲ್ಲಿ ಕಲಿತ ವಿದ್ಯೆಯಂತೆ. ಒಡೆದ ಬಟ್ಟಲನ್ನು ಒಂದು ಮರದ ಹಾಲಿನಿಂದ ಅಂಟಿಸಿ, ಬಿರುಕಿನ ಮೇಲೆ ಬಂಗಾರದ ಪುಡಿ ಉದುರಿಸುತ್ತಾರೆ. ಅವಳ ಕೈಯಲ್ಲೊಂದು ಕಪ್ಪು ಬಟ್ಟಲು ಇತ್ತು. ಅದರ ಮೈಮೇಲೆ ಮಿಂಚು ಹೊಡೆದ ಹಾಗೆ ಬಂಗಾರದ ಗೆರೆಗಳು. ಒಡೆದದ್ದನ್ನು ಮುಚ್ಚಿಡಬಾರದು, ಒಡೆದ ಜಾಗವನ್ನೇ ನಾಲ್ಕು ಜನರಿಗೆ ಕಾಣುವಂತೆ ಮಾಡಬೇಕು, ಆ ವಿದ್ಯೆಯ ಜೀವ ಅದೇ ಎಂದಳು. ನಾನು ಟ್ರೇ ಹಿಡಿದು ನಿಂತು ತಲೆ ಆಡಿಸಿದೆ. ಹುಟ್ಟಿದಾಗಿನಿಂದ ಒಡೆಯುತ್ತಲೇ ಬಂದವನಿಗೆ ಕೊನೆಗೂ ಒಂದು ದೇಶ ಸಿಕ್ಕಿತ್ತು.

ಅವಳು ಇನ್ನೂ ಒಂದು ಮಾತು ಹೇಳಿದ್ದಳು. ಆ ಮರದ ಹಾಲು ತೇವದ ಗಾಳಿಯಲ್ಲಿ ನಿಧಾನ ಗಟ್ಟಿಯಾಗಲು ವಾರಗಟ್ಟಲೆ ಬೇಕು, ಅವಸರಕ್ಕೆ ಬೇರೆ ಅಂಟು, ಬೇರೆ ಪುಡಿ ಹಾಕಿದರೆ ಆ ಪಾತ್ರೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು. ನಾನು ಕೇಳಿಸಿಕೊಳ್ಳಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಮ್ಮ ಅಡುಗೆಯವನು ಅವತ್ತೇ ಸಂಜೆ ಕೇಳಿದ್ದ:

“ನಮ್ಮನೆಲಿ ಒಂದು ಕಪ್ಪು ಒಡ್ದದೆ ಮಾರಾಯ. ಅಂಗಡಿ ಗಮ್ಮು ಹಾಕಿ ಹಿಂಗೇ ಮಾಡಿದ್ರೆ ಚಾ ಕುಡಿಯೂಕೆ ಆಗ್ತದಾ?”

“ಶೋಕೇಸಲ್ಲಿ ಇಡೂಕೆ ಆಗ್ತದೆ. ಕುಡದ್ರೆ ಚಾ ಸಂತಿಗೆ ಗಮ್ಮೂ ಹೊಟ್ಟೆಗೆ ಹೋಗ್ತದೆ, ಮಳ್ಳಾ,” ಎಂದಿದ್ದೆ.

ಹಾಗೆ ಹೇಳಿದವನು ನಾನೇ.

ಮರುವಾರ ರಜೆಗೆಂದು ಮನೆಗೆ ಬಂದೆ. ಹೊನ್ನಾವರದ ಸೇತುವೆ ದಾಟಿ ಅಪ್ಸರಕೊಂಡದ ಕಡೆಗೆ ತಿರುಗುವ ರಸ್ತೆಯಲ್ಲಿ ನಮ್ಮ ಮನೆ. ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಅಟ್ಟದ ಒಂದೇ ಮೂಲೆಯಲ್ಲಿ. ಅದೇ ಮೂಲೆಯಲ್ಲಿ ಅಜ್ಜಿಯ ಖಾಲಿ ಭರಣಿ ಇತ್ತು. ಮೇಲರ್ಧ ಕಂದು, ಕೆಳಗರ್ಧ ಬೆಳ್ಳಗೆ, ನನ್ನ ಸೊಂಟದಷ್ಟು ಎತ್ತರ. ಬೊಂಬಾಯಿಯಿಂದ ಕುಮಟಾಕ್ಕೆ ಬಂದದ್ದಂತೆ, ಅಜ್ಜಿಯ ತಾಯಿಯ ಕಾಲದ್ದು. ಬೇಸಿಗೆಯಲ್ಲಿ ಅದರೊಳಗೆ ಉಪ್ಪುನೀರಿನಲ್ಲಿ ಮಾವಿನಕಾಯಿ ಹಾಕಿಟ್ಟರೆ ಇಡೀ ಮಳೆಗಾಲಕ್ಕೆ ಬರುತ್ತಿತ್ತು. ಅದಕ್ಕೆ ಕೈ ಹಾಕುವ ಅಧಿಕಾರ ಅಜ್ಜಿಗೆ ಮಾತ್ರ. ಒದ್ದೆ ಕೈ ತಾಗಿದರೆ ಕೆಡುತ್ತದೆ, ಬೇರೆಯವರ ಕಣ್ಣು ಬಿದ್ದರೂ ಕೆಡುತ್ತದೆ ಎಂದು ಅವಳ ಕಾನೂನು.

ಅವತ್ತು ಅಜ್ಜಿ ಕುಮಟಾದ ನೆಂಟರ ಮದುವೆಗೆ ಹೋಗಿದ್ದಳು. ನಾನು ಅಟ್ಟದ ಮೂಲೆಯಲ್ಲಿ ಭರಣಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದೆ. ಸಿಗ್ನಲ್ಲಿಗಾಗಿ ಇನ್ನೂ ಸ್ವಲ್ಪ ಒರಗಿದೆ. ಭರಣಿ ವಾಲಿತು, ಉರುಳಿತು, ಅಟ್ಟದ ತೊಲೆಗೆ ಬಡಿದು ಮೂರು ಹೋಳಾಯಿತು. ಆ ಕಡೆಯಿಂದ “ಎಂತದದು ಶಬ್ದ?” ಎಂದು ಗೆಳೆಯ ಕೇಳಿದ. “ನನ್ನ ಆಯುಷ್ಯ,” ಎಂದೆ.

ಅಜ್ಜಿ ಬರಲು ಎರಡು ದಿನವಿತ್ತು. ಜಪಾನಿನ ಮರದ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ ಎಂದು ಪುಣೆಯವಳು ಹೇಳಿದ್ದು ನೆನಪಾಯಿತು. ಬೊಬ್ಬೆ ಏಳಿಸುವ ಎಣ್ಣೆ ನಮ್ಮಲ್ಲೂ ಉಂಟಲ್ಲ! ಅಮ್ಮ ಕುಮಟಾದ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ಬಾಗಿಲಿನ ಗೆದ್ದಲಿಗೆ ಹಚ್ಚಲು ತಂದಿದ್ದ ಗೇರು ಸಿಪ್ಪೆಯ ಎಣ್ಣೆ ಕೊಟ್ಟಿಗೆಯಲ್ಲಿ ಒಂದು ಡಬ್ಬಿ ಇತ್ತು. ಹಚ್ಚಿದೆ. ಭರಣಿ ಅಂಟಲಿಲ್ಲ, ನನ್ನ ಬೆರಳುಗಳು ಮಾತ್ರ ಒಂದಕ್ಕೊಂದು ಅಂಟಿ ಸಂಜೆಯೊಳಗೆ ಬಾಳೆಕಾಯಿಯಷ್ಟು ಊದಿದವು. ಮರುದಿನ ಆ ಕೈಯಲ್ಲೇ ಕಾಸರಕೋಡಿನ ಬಂದರಿಗೆ ಹೋಗಿ, ಫೈಬರ್ ದೋಣಿಗೆ ತೇಪೆ ಹಾಕುವವರ ಹತ್ತಿರ ಅರ್ಧ ಡಬ್ಬಿ ಅಂಟು ಬೇಡಿ ತಂದೆ. ಬಂಗಾರದ ಪುಡಿಗೆಂದು ಗಣಪತಿ ಮಾಡುವವರು ಕಿರೀಟಕ್ಕೆ ಹಚ್ಚುವ ಪುಡಿ ತಂದೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಗೋಲ್ಡ್’ ಎಂದೇ ಬರೆದಿತ್ತು. ಅದಕ್ಕಿಂತ ಹೆಚ್ಚಿನ ಪುರಾವೆ ನನಗೆ ಯಾವತ್ತೂ ಬೇಕಾಗಿಲ್ಲ.

ಮೂರು ಹೋಳೂ ಕೂಡಿದವು. ಈಗ ಬಂಗಾರದ ಗೆರೆಯನ್ನು ಹೊರಗೆ ಹಾಕಿದರೆ ನಾನೇ ಅಜ್ಜಿಯ ಮುಂದೆ ಹೋಗಿ ನಿಂತ ಹಾಗೆ. ಆದ್ದರಿಂದ ಹೊರಗಿನ ಬಿರುಕಿಗೆ ಕಂದು ಪೇಂಟು, ಬಿಳಿ ಪೇಂಟು ಬಳಿದು ಮಟ್ಟ ಮಾಡಿದೆ. ಪುಡಿ ಹಾಳಾಗಬಾರದೆಂದು ಉಳಿದ ಅಂಟಿಗೆ ಅದನ್ನೆಲ್ಲ ಸುರಿದು, ತೆಂಗಿನ ಚಿಪ್ಪಿನಲ್ಲಿ ಕಲಸಿ, ಭರಣಿಯ ಒಳಗೆ ತಲೆ ತೂರಿಸಿ, ಒಳಗಿನ ಬಿರುಕಿಗೆ ಬೆರಳು ದಪ್ಪ ಮೆತ್ತಿದೆ. ಆ ಆಳದ ಕತ್ತಲಲ್ಲಿ ಅಜ್ಜಿಯ ಕಣ್ಣಿಗೆ ಅದು ಕಾಣುವಂತಿರಲಿಲ್ಲ. ಒಡೆದದ್ದನ್ನು ತೋರಿಸುವ ವಿದ್ಯೆ ಕಲಿತು, ಅದರಿಂದಲೇ ಒಡೆದದ್ದನ್ನು ಮುಚ್ಚಿದವನು ಜಪಾನು ಹುಟ್ಟಿದ ಮೇಲೆ ನಾನೊಬ್ಬನೇ ಇರಬೇಕು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮೂಲೆಗೆ ಸರಿಸಿ, ಓಂ ಬೀಚಿಗೆ ಪರಾರಿಯಾದೆ. ಈ ವರ್ಷ ಅಜ್ಜಿಗೆ ಕಾಲುನೋವು, ಮಾವಿನಕಾಯಿಯ ತಂಟೆಗೆ ಹೋಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಏಪ್ರಿಲಿನಲ್ಲಿ ಮನೆಗೆ ಬಂದಾಗ ಭರಣಿ ಅಂಗಳದಲ್ಲಿತ್ತು.

ಅಜ್ಜಿ ಕೆಂಡದ ಮೇಲೆ ಇಂಗು ಹಾಕಿ, ಭರಣಿಯನ್ನು ಬೋರಲು ಹಾಕಿ ಹೊಗೆ ಹಿಡಿಸುತ್ತಿದ್ದಳು. ಆಮೇಲೆ ಎತ್ತಿ ನಿಲ್ಲಿಸಿ ಬೆರಳ ಗಂಟಿನಿಂದ ತಟ್ಟಿದಳು. ಪ್ರತಿವರ್ಷ ಹೀಗೆ ತಟ್ಟಿ, ಗಂಟೆಯ ಹಾಗೆ ದನಿ ಬಂದರೆ ಮಾತ್ರ ತುಂಬುತ್ತಾಳೆ. ಈ ಸಲ ತೊಗಟೆ ತಟ್ಟಿದ ಹಾಗೆ ಸದ್ದು ಬಂತು. ಇನ್ನೊಮ್ಮೆ ತಟ್ಟಿದಳು. ಕಿವಿ ಹತ್ತಿರ ತಂದಳು.

“ತಮಾ, ನಿಂಗೆ ಕೇಳ್ತದ್ಯಾ? ದನಿ ಬಿದ್ದು ಹೋಗದೆ.”

ನಾನು ಒಳ್ಳೆಯವನಾಗಲು ಇದ್ದ ಸಮಯ ಅದು. ಅಂಗಳದಲ್ಲಿ ನಾವಿಬ್ಬರೇ ಇದ್ದೆವು.

“ನಂಗೆ ಚಲೋನೇ ಕೇಳ್ತಲ್ಲ ಅಜ್ಜಿ. ಟಣ್ ಹೇಳ್ತು.”

ಅಜ್ಜಿ ಭರಣಿಯಿಂದ ಕೈ ತೆಗೆದಳು. “ಹಂಗಾರೆ ನನ್ನ ಕಿವಿನೇ ಹೋಯ್ತು,” ಎಂದು ಸೆರಗಿನಿಂದ ಕಿವಿ ಒರೆಸಿಕೊಂಡಳು. ಎಪ್ಪತ್ತೆಂಟು ವರ್ಷ ನಂಬಿದ ಕಿವಿಯನ್ನು ನನ್ನ ಒಂದು ‘ಟಣ್’ಗಾಗಿ ಬಿಟ್ಟುಕೊಟ್ಟಳು. ಅಮ್ಮ ಅವಳನ್ನು ಕುಮಟಾದ ಕಿವಿ ಡಾಕ್ಟರಿಗೆ ತೋರಿಸಿ ಹನಿಮದ್ದು ತಂದಳು. ಕಿವಿ ಕೇಳುವುದಿಲ್ಲ ಎಂದು ತಿಳಿದ ಮೇಲೆ ಅಜ್ಜಿ ಜೋರಾಗಿ ಮಾತಾಡತೊಡಗಿದಳು, ಟಿವಿ ಹಾಕುವುದು ಬಿಟ್ಟಳು. ನಾನು ಅವಳ ಹಿಂದಿನಿಂದ ಪಿಸುಗುಟ್ಟಿ ಪರೀಕ್ಷೆ ಮಾಡಿದೆ. ಎಲ್ಲವೂ ಕೇಳುತ್ತಿತ್ತು.

ಭರಣಿ ಉಗ್ರಾಣದಲ್ಲಿ ನಿಂತು ತುಂಬಿತು. ಕುದಿಸಿ ಆರಿಸಿದ ಉಪ್ಪುನೀರು, ಇನ್ನೂರಕ್ಕೆ ಹತ್ತಿರ ಹುಳಿ ಮಾವಿನಕಾಯಿ.

ಮಳೆ ಹಿಡಿದ ಮೇಲೆ ಬೀಚಿನ ಗೆಸ್ಟ್ ಹೌಸ್ ಮುಚ್ಚಿತು, ನಾನು ಮನೆ ಸೇರಿದೆ. ಅದೇ ವಾರ ಮುಟ್ಟಳ್ಳಿಯ ಗಂಡನ ಮನೆಯಿಂದ ಅಕ್ಕ ಹೆರಿಗೆಗೆಂದು ಬಂದಳು. ಬಂದವಳೇ ಚಪ್ಪಲಿ ಬಿಡುವ ಮೊದಲು, “ಅಜ್ಜಿ, ಭರಣಿ ಬಾಯಿ ಬಿಚ್ಚಿದ್ಯೇನೆ?” ಎಂದಳು.

ಅಜ್ಜಿ ಮೊದಲ ಮಾವಿನಕಾಯಿ ತೆಗೆದು ತಟ್ಟೆಯ ಮೇಲೆ ಇಟ್ಟಾಗ ಎಲ್ಲರೂ ಬಗ್ಗಿ ನೋಡಿದರು. ಪ್ರತಿವರ್ಷ ಉಪ್ಪುನೀರಿನಲ್ಲಿ ಕಾಯಿ ಬಾಡಿ ಹಳದಿಗೆ ತಿರುಗುತ್ತದೆ. ಈ ಸಲ ಹಸಿರು. ಆಗಷ್ಟೇ ಕೊಯ್ದಂತೆ, ಗಿಳಿಯಂತೆ ಹಸಿರು.

“ನೋಡೇ, ನನ್ನ ಕೈಗುಣ!” ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದಳು. “ಕಿವಿ ಹೋದ್ರೂ ಕೈ ಹೋಗ್ಲಿಲ್ಲ!”

ಅಕ್ಕ ಅದನ್ನು ಕಚ್ಚಿ ಕಣ್ಣು ಮುಚ್ಚಿದಳು. “ಚಲೋ ಅದೆ. ಒಂಚೂರು ಎಂತದೋ ರುಚಿ. ಸಣ್ಣಿರ್ವಾಗ ನಾವು ಬಾಯಲ್ಲಿ ನಾಣ್ಯ ಇಟ್ಕಂತಿದ್ವಲ್ಲ, ಹಂಗೆ.”

ನಾನು ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಮಾವಿನಕಾಯಿ ಹಸಿರಾದರೆ ಹೆದರಬೇಕು ಎಂದು ನನಗೂ ಗೊತ್ತಿರಲಿಲ್ಲ. ಆದರೂ ಆ ಹಸಿರನ್ನು ನೋಡಲು ಮನಸ್ಸಾಗಲಿಲ್ಲ. ನನ್ನ ಪಾಲಿನದ್ದನ್ನು ಅಕ್ಕನ ತಟ್ಟೆಗೆ ಹಾಕಿದೆ. ಅವಳು ಖುಷಿಯಿಂದ ನನ್ನ ತಲೆಗೆ ಮೊಟಕಿದಳು.

ಉಳಿದವರು ಊಟಕ್ಕೆ ಒಂದು ಚೂರು ನಂಜಿಕೊಂಡರೆ, ಅವಳು ಊಟಕ್ಕೊಂದು, ಸಂಜೆಗೊಂದು ತಿಂದಳು. ನಾಲ್ಕನೆಯ ದಿನ ವಾಂತಿ ಶುರುವಾಯಿತು. “ಬಸುರಿ ಹೇಳಿರೆ ಕಾರ್ದೆ ಇರ್ತದಾ?” ಎಂದಳು ಅಜ್ಜಿ. “ಮೂರು ತಿಂಗ್ಳಿಗೇ ನಿಂತಿತ್ತಲ್ಲೇ, ಮತ್ತೆ ಎಂತಕ್ಕೆ ಬಂತು?” ಎಂದು ಅಮ್ಮ ತನ್ನಷ್ಟಕ್ಕೇ ಹೇಳಿಕೊಂಡು ಫ್ಯಾಕ್ಟರಿಗೆ ಹೊರಟಳು. ಬಾಯಿ ರುಚಿ ಕೆಟ್ಟಿದೆ ಎಂದು ಅಕ್ಕ ಇನ್ನೊಂದು ಮಾವಿನಕಾಯಿ ಕೇಳಿದಳು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದೆ. ಬಿಂಬುಳಿ ಮರದ ಬುಡದಲ್ಲಿ ನಾನು ಅಂಟು ಕಲಸಿದ್ದ ತೆಂಗಿನ ಚಿಪ್ಪು ಬಿದ್ದಿತ್ತು. ಅದರೊಳಗೆ ಮಳೆನೀರು, ಮರದಿಂದ ಉದುರಿ ಕೊಳೆತ ಹುಳಿಕಾಯಿ. ನನ್ನ ಬಂಗಾರ ಎಲ್ಲೂ ಇರಲಿಲ್ಲ. ಚಿಪ್ಪಿನ ಒಳಮೈಯೆಲ್ಲ ಹಸಿರು ಪಾಚಿಯಂತೆ ಏನೋ ಹಿಡಿದಿತ್ತು. ಕಡ್ಡಿಯಿಂದ ಕೆರೆದೆ. ಪಾಚಿಯಲ್ಲ, ಕಿಲುಬು.

ಹಿತ್ತಾಳೆಯ ಕಿಲುಬು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಇಟ್ಟದ್ದಕ್ಕೆ ಅಜ್ಜಿ ಇಡೀ ಸಾರನ್ನೇ ಚೆಲ್ಲಿದ್ದನ್ನು ನಾನು ನೋಡಿದ್ದೆ. ಗಣಪತಿಯ ಕಿರೀಟದ ಬಂಗಾರ ಹಿತ್ತಾಳೆಯ ಪುಡಿ ಎಂದು ಆ ಚಿಪ್ಪಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ ಹೊಳೆಯಿತು. ನಾನು ಅದನ್ನು ಬೆರಳು ದಪ್ಪ ಮೆತ್ತಿ, ಅದರ ಮೇಲೆ ಎರಡೂವರೆ ತಿಂಗಳು ಉಪ್ಪುಹುಳಿಯನ್ನು ನಿಲ್ಲಿಸಿದ್ದೆ. ಬಾಯಿಯಲ್ಲಿದ್ದ ಪೇಸ್ಟಿನ ನೊರೆ ಹಾಗೇ ನುಂಗಿಹೋಯಿತು.

ಬುದ್ಧಿ ಇದ್ದವನಾದರೆ ಒಳಗೆ ಓಡಿ ಹೇಳುತ್ತಿದ್ದ. ನಾನು ಭರಣಿಯನ್ನು ಎರಡನೇ ಸಲ ಒಡೆಯಲು ಹೊರಟೆ. ಹೇಳಿದರೆ ಭರಣಿಯೊಂದನ್ನೇ ಹೇಳಿದರಾಗದು, ಅಜ್ಜಿಯ ಕಿವಿಯ ಸುಳ್ಳನ್ನೂ ಹೇಳಬೇಕಿತ್ತಲ್ಲ. ಅಜ್ಜಿ ಸ್ನಾನಕ್ಕೆ ಹೋದಾಗ ಉಗ್ರಾಣಕ್ಕೆ ನುಗ್ಗಿ ಭರಣಿಯನ್ನು ಒದ್ದೆ. ನನ್ನ ಹೆಬ್ಬೆರಳಿನ ಉಗುರು ಹೋಯಿತು. ತೆಂಗಿನಕಾಯಿ ಎತ್ತಿ ಹಾಕಿದೆ. ತೆಂಗಿನಕಾಯಿ ಎರಡು ಹೋಳಾಯಿತು. ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಂದು ಗಟ್ಟಿ ರಿಪೇರಿ, ಅಲುಗದೆ ನನ್ನನ್ನೇ ನೋಡುತ್ತ ಕುಳಿತಿತ್ತು.

ಹಾಗಾದರೆ ತಿಂದು ಖಾಲಿ ಮಾಡುತ್ತೇನೆ ಎಂದುಕೊಂಡೆ. ಇನ್ನೂ ನೂರೈವತ್ತಾದರೂ ಇದ್ದವು, ಆದರೆ ಲೆಕ್ಕ ನನ್ನ ವಿಷಯವಲ್ಲ. ಆರು ಹಸಿರು ಮಾವಿನಕಾಯಿ ಪಂಚೆಯಲ್ಲಿ ಸುತ್ತಿಕೊಂಡು ಕೊಟ್ಟಿಗೆಯ ಹಿಂದೆ ಕುಳಿತು ಒಂದರ ಹಿಂದೆ ಒಂದು ತಿಂದೆ. ಐದನೆಯದಕ್ಕೆ ನಾಲಿಗೆಯ ಕೆಳಗೆ ನಾಣ್ಯದ ರುಚಿ ಬಂತು. ಆರನೆಯದು ಅರ್ಧದಲ್ಲಿರುವಾಗ ಹೊಟ್ಟೆ ಹಿಂಡಿ, ಗೋಡೆ ಹಿಡಿದು ಕಾರಿದೆ. ಕಾರಿದ್ದೂ ತಿಳಿಹಸಿರಾಗಿಯೇ ಇತ್ತು. ಅದೇ ಹೊತ್ತಿಗೆ ಗೋಡೆಯ ಆಚೆ, ಬಚ್ಚಲಲ್ಲಿ, ಅಕ್ಕನೂ ಕಾರುತ್ತಿದ್ದಳು. ನಾವಿಬ್ಬರೂ ಒಂದೇ ಸದ್ದು ಮಾಡುತ್ತಿದ್ದೆವು.

ಒಳಗೆ ಹೋದಾಗ ಅಕ್ಕ ಊಟಕ್ಕೆ ಕುಳಿತಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅಜ್ಜಿ ಮಾವಿನಕಾಯಿ ಹಿಚುಕಿ, ಹಸಿಮೆಣಸು ಹಾಕಿ ಗೊಜ್ಜು ಮಾಡಿ ಬಡಿಸುತ್ತಿದ್ದಳು. ನಾನು ತಟ್ಟೆಯನ್ನು ಎಳೆದುಕೊಂಡು ಬಾಗಿಲಿನಿಂದ ಹೊರಗೆ ಎಸೆದೆ. ಗುರಿ ಸಹ ನೆಟ್ಟಗಿರಲಿಲ್ಲ, ಅರ್ಧ ಗೊಜ್ಜು ಅಜ್ಜಿಯ ಸೀರೆಗೆ ಹೋಯಿತು.

“ಹುಚ್ಚು ಹಿಡಿತೇನಾ ನಿಂಗೆ!” ಅಕ್ಕ ಎದ್ದೇ ನಿಂತಳು.

“ಭರಣಿ ಒಡ್ದಿತ್ತು. ನಾನೇ ಒಡದದ್ದು. ನಾನೇ ಕೂಡ್ಸದ್ದು. ಒಳಗೆ ಹಿತ್ತಾಳೆ ಪುಡಿ ಅದೆ. ಬಂಗಾರ ಹೇಳಿ ಹಾಕ್ದೆ. ಕಿಲುಬು ಹಿಡದದೆ ಅಕ್ಕಾ, ಅದ್ಕೇ ಹಸ್ರು.”

ಅಜ್ಜಿ ಸೀರೆಯ ಮೇಲಿನ ಗೊಜ್ಜನ್ನು ಬೆರಳಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಮೂಸಿದಳು.

“ಹಂಗಾರೆ ಅವತ್ತು ದನಿ ಬಿದ್ದದ್ದು ಹೌದು,” ಎಂದಳು. ಮೆತ್ತಗೆ ಹೇಳಿದಳು. ತಿಂಗಳುಗಳ ಮೇಲೆ ಅವಳ ದನಿ ಮೊದಲಿನ ಹಾಗಿತ್ತು. “ನನ್ನ ಕಿವಿ ಸಮಾ ಇತ್ತು.”

ಆಮೇಲೆ ಅವಳು ನನ್ನ ಕೆನ್ನೆಗೆ ಹೊಡೆದಳು. ಉಪ್ಪುಖಾರದ ಕೈ ಕಣ್ಣಿಗೂ ತಾಗಿತು.

ಅಕ್ಕ ಹೊಡೆಯಲಿಲ್ಲ, ಬಯ್ಯಲಿಲ್ಲ. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಬಾಗಿಲಿನ ಕಡೆ ನೋಡುತ್ತ, “ರಿಕ್ಷಾ ಕರ್ಕಂಬಾ,” ಎಂದಳು.

ಹೊನ್ನಾವರದ ಡಾಕ್ಟರಮ್ಮನಿಗೆ ಒಂದು ಬಾಟಲಿ ಉಪ್ಪುನೀರು ತೋರಿಸಿ ನಾನು ನಡೆದದ್ದನ್ನೆಲ್ಲ ಹೇಳಿದೆ. ಗಾಬರಿಯಲ್ಲಿ ಜಪಾನಿನಿಂದಲೇ ಶುರು ಮಾಡಿದೆ. ಅವರು ಕೊನೆಯವರೆಗೆ ಕೇಳಿ, “ನಿಜವಾದ ಬಂಗಾರ ಹಾಕಿದ್ರೆ ಏನೂ ಆಗ್ತಿರ್ಲಿಲ್ಲ,” ಎಂದರು. ಮಗುವಿನ ಎದೆಬಡಿತ ಕೇಳಿದರು, ಈಗ ಸರಿಯಿದೆ ಎಂದರು. ಅಕ್ಕನ ರಕ್ತ ತೆಗೆದು ಮಂಗಳೂರಿಗೆ ಕಳಿಸಿದರು. ಕಿಲುಬು ಎಷ್ಟು ಒಳಗೆ ಹೋಗಿದೆಯೋ, ಅಂಟಿನದ್ದು ಏನಿದೆಯೋ, ಅದನ್ನು ಈಗಲೇ ಹೇಳಲು ಬರುವುದಿಲ್ಲ. ದಿನಾ ಊಟವಾದ ಮೇಲೆ ಎಡಗಡೆ ಮಲಗಿ ಮಗುವಿನ ಒದೆತ ಎಣಿಸಬೇಕು, ಎರಡು ತಾಸಿನೊಳಗೆ ಹತ್ತು ಆಗಬೇಕು, ಆಗದಿದ್ದರೆ ಆ ಕ್ಷಣ ಹೊರಟು ಬನ್ನಿ ಎಂದರು.

“ನೀ ಎಣ್ಸು,” ಎಂದಳು ಅಕ್ಕ ನನಗೆ, ವಾಪಸು ಬರುವಾಗ. ಅಷ್ಟೇ.

ಅಜ್ಜಿ ಭರಣಿಯನ್ನು ಗದ್ದೆಯ ಅಂಚಿಗೆ ಸಾಗಿಸಿ, ಹಾರೆಯಿಂದ ಒಡೆಸಿ, ಆಳವಾದ ಗುಂಡಿ ತೋಡಿಸಿ ಹೂಳಿಸಿದಳು. ತೋಡಿದವನು ನಾನೇ. ಹಾರೆಗೆ ಅದು ನಾನು ಕೂಡಿಸಿದ ಜಾಗ ಬಿಟ್ಟು ಬೇರೆಲ್ಲ ಕಡೆ ಒಡೆಯಿತು.

ಎರಡು ದಿನದಲ್ಲಿ ಅಕ್ಕನ ವಾಂತಿ ನಿಂತಿತು. ಮನೆಯವರು ಉಸಿರು ಬಿಟ್ಟರು. ನಾನು ಬಿಡಲಿಲ್ಲ. ದಿನಾ ಮಧ್ಯಾಹ್ನ ಅವಳು ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗುತ್ತಿದ್ದಳು. ನನ್ನ ಕೈಯನ್ನು ತಾನೇ ತೆಗೆದು ಹೊಟ್ಟೆಯ ಮೇಲೆ ಇಟ್ಟು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ನಾನು ಎಣಿಸುತ್ತಿದ್ದೆ. ಮೊದಮೊದಲು ಅರ್ಧ ತಾಸಿಗೇ ಹತ್ತಾಗುತ್ತಿತ್ತು. ಒಮ್ಮೆ ನಗಿಸೋಣವೆಂದು, “ಇದು ನನ್ಗೇ ಒದೀತಾ ಅದೆ, ಮಾವ ಹೇಳಿ ಗುರ್ತು ಸಿಕ್ಕದೆ,” ಎಂದೆ. ಅಕ್ಕ ತಿರುಗಲಿಲ್ಲ. “ಎಷ್ಟಾಯ್ತು?” ಎಂದಳು.

ಮಂಗಳೂರಿನಿಂದ ವರದಿ ಬಂದಿರಲಿಲ್ಲ. ಆ ಮಧ್ಯಾಹ್ನ ಮಳೆ ಹಂಚಿನ ಮೇಲೆ ಒಂದೇ ಸಮ ಹೊಯ್ಯುತ್ತಿತ್ತು. ಕೈ ಇಟ್ಟೆ. ಅರ್ಧ ತಾಸಾಯಿತು. ಒಂದು ತಾಸಾಯಿತು. ನನ್ನ ಅಂಗೈಯ ಕೆಳಗೆ ಏನೂ ಇರಲಿಲ್ಲ. ನನ್ನದೇ ನಾಡಿ ಬಡಿದದ್ದನ್ನು ಒದೆತ ಎಂದುಕೊಂಡು ಎರಡು ಸಲ ಮೋಸಹೋದೆ. ಅಜ್ಜಿ ಬೆಲ್ಲದ ನೀರು ಕುಡಿಸಿದಳು. ಅಕ್ಕನ ಮಗ್ಗುಲು ಬದಲಿಸಿ ಮಲಗಿಸಿದಳು. ಏನೂ ಇಲ್ಲ. ಅಕ್ಕ ಗೋಡೆಯ ಕಡೆ ನೋಡುತ್ತಲೇ ಕೇಳಿದಳು:

“ಎಷ್ಟಾಯ್ತು?”

ಸುಳ್ಳು ನನ್ನ ಬಾಯಿಗೆ ಬಂದಿತ್ತು. ‘ನಾಲ್ಕು’ ಎನ್ನಲು ಅರ್ಧ ಉಸಿರು ಸಾಕಿತ್ತು.

“ಒಂದೂ ಆಗ್ಲಿಲ್ಲ ಅಕ್ಕಾ.”

ಎರಡು ತಾಸು ಕಾಯದೆ ಹೊರಟೆವು. ರಿಕ್ಷಾದಲ್ಲಿ ಅಕ್ಕ ನಡುವೆ, ಆ ಕಡೆ ಅಜ್ಜಿ, ಈ ಕಡೆ ನಾನು. ಶರಾವತಿ ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತು, ಅದರ ಹಿಂದೆ ಸಾಲು. ಕೆಳಗೆ ಹೊಳೆ ಕೆಂಪಗೆ ಉಬ್ಬಿತ್ತು. ಹಾರ್ನುಗಳ ನಡುವೆ ನಮ್ಮ ರಿಕ್ಷಾದವನು ಎಂಜಿನ್ ಆರಿಸಿದ. ನಾನು ಇಳಿದು ಮಳೆಯಲ್ಲಿ ಓಡಿ ಲಾರಿಯವನಿಗೆ ಕೈಮುಗಿದೆ. ಅವನು ನಕ್ಕು, “ನಾನೆಂತ ಮಾಡ್ಲಾ, ಆಕ್ಸೆಲ್ ತುಂಡಾಗದೆ, ನೀ ರಿಪೇರಿ ಮಾಡ್ತೆ ಏನಾ?” ಎಂದ. ಜೀವನದಲ್ಲಿ ಮೊದಲ ಬಾರಿಗೆ, “ಇಲ್ಲ, ನಂಗೆ ಬರೂದಿಲ್ಲ,” ಎಂದು ಹಿಂದಿರುಗಿದೆ.

ನೆನೆದ ಕೈಯನ್ನು ಅಂಗಿಗೆ ಒರೆಸುತ್ತ ಒಳಗೆ ಕುಳಿತಾಗ ಅಕ್ಕನ ಮುಖ ಬದಲಾಗಿತ್ತು. ಅವಳು ನನ್ನ ಕೈಯನ್ನು ಹಿಡಿದು, ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ, ನೋಯುವಷ್ಟು ಒತ್ತಿ ಇಟ್ಟುಕೊಂಡಳು. ಕಾದೆವು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಅಂಗೈಯ ಕೆಳಗೆ ಏನೋ ಒಂದು ಮೆಲ್ಲಗೆ ಜರುಗಿ, ದೂಡಿ, ಹಿಂದೆ ಸರಿಯಿತು.

ನಾನು ಅಕ್ಕನ ಹೆಗಲ ಮೇಲೆ ತಲೆಯಿಟ್ಟು ಅಳತೊಡಗಿದೆ. ಅಕ್ಕ ನನ್ನ ಕೈ ಬಿಡಲಿಲ್ಲ. ಈ ಸಲ ಮುಖವನ್ನೂ ಆಚೆ ತಿರುಗಿಸಲಿಲ್ಲ.

“ಅಳೂದು ಆಮೇಲೆ,” ಎಂದಳು. “ಎಣ್ಸು. ಇನ್ನೂ ಒಂಬತ್ತು ಅದೆ.”